ಮೂಗುಬಟ್ಟು ನೋಡಿದ ಬೆಳಕು

ರವೆ ಹುರಿಯುವಾಗ ಕೈ ನಿಲ್ಲಿಸಬಾರದು. ತುಪ್ಪ ಹೀರಿದ ರವೆ ಸ್ವಲ್ಪ ಉದಾಸೀನ ಮಾಡಿದರೂ ತಳದಲ್ಲಿ ಕೆಂಪಾಗಿ, ಆ ವಾಸನೆ ಇಡೀ ಬಾಣಲೆಗೆ ಹತ್ತುತ್ತದೆ. ಸತ್ಯನಾರಾಯಣನ ಪ್ರಸಾದ ಸೀದರೆ ಮತ್ತೆ ಮೊದಲಿನಿಂದ ಮಾಡಬೇಕು. ಆ ಭಾನುವಾರ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ತುದಿಗಂಟು ಹಾಕಿ, ಆಶ್‌ಬರ್ನಿನ ನಮ್ಮ ಟೌನ್‌ಹೌಸಿನ ಅಡುಗೆಮನೆಯಲ್ಲಿ ಮಡಿಯಲ್ಲಿ ನಿಂತು ಸಪಾದಕ್ಕೆ ರವೆ ಹುರಿಯುತ್ತಿದ್ದೆ. ಪೂಜೆ ನಮ್ಮ ಮನೆಯದಲ್ಲ. ನಮ್ಮವರ ಗೆಳೆಯರು, ಅವರ ಕಂಪನಿಯ ಯಜಮಾನರೂ ಹೌದು, ಪಕ್ಕದೂರು ಆಲ್ಡಿಯಲ್ಲಿ ಹೊಸ ಮನೆ ಮಾಡಿದ್ದರು. ಗೃಹಪ್ರವೇಶ, ಜೊತೆಗೆ ಸತ್ಯನಾರಾಯಣ ಪೂಜೆ. ಅವರ ಹೆಂಡತಿ ಫೋನ್ ಮಾಡಿ, "ಅಕ್ಕ, ಪ್ರಸಾದ ಮಾತ್ರ ನೀವೇ ಮಾಡ್ಕೊಂಡ್ ಬನ್ನಿ, ನನ್ ಕೈಲಿ ಗಂಟಾಗತ್ತೆ" ಎಂದಿದ್ದಳು.

ಮಗಳು ಕಾಲೇಜಿನಿಂದ ವಾರಾಂತ್ಯಕ್ಕೆ ಬಂದಿದ್ದಳು. ಮೆಟ್ಟಿಲಿಳಿದು ಫೋನ್ ಹಿಡಿದುಕೊಂಡೇ ಬಂದಳು.

"ಅಮ್ಮ, ಗೃಹಪ್ರವೇಶದ ಅಂಕಲ್ ಎಲ್ಲೋ ಟಾಕ್ ಕೊಟ್ಟಿದ್ದಾರೆ. ಐ ಥಿಂಕ್ ಇದು ನಿನ್ನ ಬಗ್ಗೆ."

"ಮಡೀಲಿದ್ದೀನಿ, ಮೈಮೇಲೆ ಬರ್ಬೇಡ. ಅಲ್ಲಿಂದಲೇ ತೋರ್ಸು."

ಅವಳು ಒಲೆಯಿಂದ ದೂರ ನಿಂತು ಫೋನನ್ನು ನನ್ನ ಕಡೆಗೆ ತಿರುಗಿಸಿದಳು. ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಅಡ್ಡಾಡುತ್ತ ಆತ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಹಿಂದೆ ಕಣ್ಣಿನ ದೃಷ್ಟಿ ಅಳೆಯುವ ಅವರ ಕಂಪನಿಯ ಯಂತ್ರದ ದೊಡ್ಡ ಚಿತ್ರ. ಮೊದಲ ವರ್ಷ ನಮಗೊಬ್ಬರು ವಾಲಂಟಿಯರ್ ಇದ್ದರು, ಭಾರತೀಯ ಗೃಹಿಣಿ, ಅವರ ಎಡಗಣ್ಣಿನ ನಕ್ಷೆ ದಿನಕ್ಕೊಂದು ಥರ ಬರುತ್ತಿತ್ತು ಎಂದ. ತಲೆ ಕೆಟ್ಟು ಕೊನೆಗೆ ಕ್ಯಾಮೆರಾದ ಚಿತ್ರಗಳನ್ನೆಲ್ಲ ನೋಡಿದರೆ, ಆಕೆಯ ಮೂಗಿನ ವಜ್ರ ನಮ್ಮ ದೀಪದ ಬೆಳಕಿಗೆ ನಕ್ಷತ್ರದ ಹಾಗೆ ಮಿಂಚುತ್ತಿತ್ತು. ಆಕೆ ಅದನ್ನು ಕಂಡು ಗುಂಡಿ ಒತ್ತುತ್ತಿದ್ದರು ಎಂದ. "ಆಕೆಯ ಕಣ್ಣು ನೋಡುತ್ತಿರಲಿಲ್ಲ, ಮೂಗು ನೋಡುತ್ತಿತ್ತು." ಸಭೆ ನಕ್ಕಿತು. ಅವನು ನಗು ನಿಲ್ಲಲೆಂದು ಕಾದ. ಆ ಮಿಂಚನ್ನೆಲ್ಲ ಲೆಕ್ಕದಿಂದ ತೆಗೆದೆವು, ನಕ್ಷೆ ತಿಳಿನೀರಿನ ಹಾಗೆ ಸ್ಪಷ್ಟವಾಯಿತು, ಅದೇ ಮೊದಲ ಚಳಿಗಾಲದಲ್ಲಿ ಯಂತ್ರದ ಬಟ್ಟಲಿನ ಬಾಯಿಗೆ ಈ ಕಪ್ಪು ಬಟ್ಟೆ ಹೊಲಿಸಿದೆವು, ಎಂದು ಚಿತ್ರದ ಕಡೆ ಕೈ ತೋರಿಸಿದ. ಕಡೆಯಲ್ಲಿ, ಮುಂದಿನ ತಿಂಗಳು ಅಟ್ಲಾಂಟಾದಲ್ಲಿ ಕಣ್ಣಿನ ಡಾಕ್ಟರುಗಳ ಮುಂದೆ ಮಾತಾಡಲಿದ್ದೇನೆ, ಬನ್ನಿ ಎಂದ.

ಮೊದಲ ಚಳಿಗಾಲ. ನನ್ನ ಕಣ್ಣಿನ ಡಾಕ್ಟರು ನನಗೆ ವಿಷಯ ಹೇಳಿದ್ದು ಎರಡನೆಯ ಚಳಿಗಾಲದಲ್ಲಿ.

ಸೌಟು ನಿಲ್ಲಲಿಲ್ಲ. ದೇವರು ದೊಡ್ಡವನು, ಪ್ರಸಾದ ಸೀಯಲಿಲ್ಲ. ಇಲ್ಲಿಯ ತನಕ ಆ ಮನುಷ್ಯನನ್ನು ಬಹುವಚನದಲ್ಲಿ ಬರೆಯಲು ಪ್ರಯತ್ನಪಟ್ಟೆ. ನಡುವೆ ಎಲ್ಲೋ ತಪ್ಪಿಹೋಯಿತು. ಇನ್ನು ಸರಿಪಡಿಸುವುದಿಲ್ಲ. ಅವನು ಎಂದೇ ಬರೆಯುತ್ತೇನೆ.

ಆ ಯಂತ್ರ ನಮ್ಮ ಮನೆಗೆ ಬಂದದ್ದು ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಎರಡು ಸಾವಿರದ ಇಪ್ಪತ್ತರಲ್ಲಿ. ಶ್ಯಾಂಟಿಲಿಯಲ್ಲಿದ್ದ ಅವರ ಆಫೀಸಿಗೆ ಯಾರೂ ಹೋಗುವಂತಿರಲಿಲ್ಲ. ನಮ್ಮವರು ಅಲ್ಲಿ ಪ್ರೋಗ್ರಾಂ ಬರೆಯುವವರು. ಕಣ್ಣು ನೆಟ್ಟಗೆ ಒಂದೇ ಕಡೆ ನೋಡುತ್ತಿರುವಾಗ ಮೇಲೆ, ಕೆಳಗೆ, ಅಕ್ಕಪಕ್ಕದಲ್ಲಿ ಎಷ್ಟು ದೂರದವರೆಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಅಳೆಯುವ ಯಂತ್ರ ಅದು. ಅಂಥವು ದೊಡ್ಡ ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಇವೆಯಂತೆ. ಇವರದು ಕಾರಿನ ಡಿಕ್ಕಿಯಲ್ಲಿಟ್ಟು ಎಲ್ಲಿಗಾದರೂ ಒಯ್ಯುವಷ್ಟು ಚಿಕ್ಕದಾಗಬೇಕಿತ್ತು. ಗಂಡಸರಿಬ್ಬರೂ ಮಾಸ್ಕ್ ಹಾಕಿಕೊಂಡು ಅದನ್ನು ಗರಾಜಿನಿಂದ ನಮ್ಮ ಬೇಸ್‌ಮೆಂಟಿಗೆ ಇಳಿಸಿದರು.

ಮದುವೆಮನೆಯ ಸಾರಿನ ಪಾತ್ರೆಯನ್ನು ಅಡ್ಡ ಮಲಗಿಸಿ, ಒಳಗೆಲ್ಲ ಸುಣ್ಣ ಬಳಿದರೆ ಹೇಗಿರುತ್ತದೋ ಹಾಗಿತ್ತು. ಸುಣ್ಣದ ತುಂಬ ಸಾಸಿವೆ ಕಾಳಿನಷ್ಟು ದೀಪಗಳು. ಗಲ್ಲ ಊರುವುದಕ್ಕೊಂದು ಪಟ್ಟಿ. ಅದು ಒತ್ತುತ್ತಿತ್ತೆಂದು ನನ್ನ ಹಳೆಯ ಕಾಟನ್ ಸೀರೆ ಹರಿದು ಸುತ್ತಿದ್ದೆ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಬಟ್ಟಲಿನಲ್ಲಿ ಎಲ್ಲಾದರೂ ಬೆಳಕು ಮಿನುಗಿದ್ದು ಕಂಡರೆ ಕೈಯಲ್ಲಿನ ಗುಂಡಿ ಒತ್ತಬೇಕು. ಒತ್ತದಿದ್ದರೆ ಕಂಪ್ಯೂಟರು ಸ್ವಲ್ಪ ಹೊತ್ತು ಬಿಟ್ಟು ಅದೇ ದೀಪವನ್ನು ಇನ್ನಷ್ಟು ಜೋರಾಗಿ ಬೆಳಗಿಸುತ್ತದೆ. ಒತ್ತಿದರೆ ಮಂಕು ಮಾಡುತ್ತದೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದ ಹಾಗೆ ಏರಿಸಿ ಇಳಿಸಿ, ಕೊನೆಗೆ ಒಂದು ನಕ್ಷೆ ಬರೆಯುತ್ತದೆ. ಕಂಡ ಜಾಗ ಬಿಳಿ, ಕಾಣದ ಜಾಗ ಕಪ್ಪು.

ಕೂರಲು ಬೇರೆ ಯಾರೂ ಇರಲಿಲ್ಲ. ಮಗಳು ಒಂದು ಸಲ ಕೂತು, "ಇಟ್ಸ್ ಸೋ ಬೋರಿಂಗ್" ಎಂದು ಎದ್ದುಹೋದಳು. ಹೀಗಾಗಿ ತಿಂಗಳುಗಟ್ಟಲೆ ಆ ಯಂತ್ರಕ್ಕೆ ನಾನೇ ಕಣ್ಣು. ಬೆಳಗಿನ ಪೂಜೆ, ತಿಂಡಿ ಮುಗಿಸಿ ಕೆಳಗಿಳಿದು ಕೂರುತ್ತಿದ್ದೆ. ಮೊದಮೊದಲು ದೀಪಗಳು ಸಾಲಾಗಿ ಹತ್ತುತ್ತಿದ್ದವು, ಮುಂದಿನದು ಎಲ್ಲಿ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಮ್ಮವರು ಅದನ್ನು ಅಡ್ಡಾದಿಡ್ಡಿ ಮಾಡಿದರು. ಆಮೇಲೆ, ದೀಪ ಹತ್ತುವ ಮುಂಚೆ ಕಂಪ್ಯೂಟರಿನ ಫ್ಯಾನು ಗೊರ್ ಎನ್ನುತ್ತಿತ್ತು, ನಾನು ಆ ಸದ್ದಿಗೇ ಒತ್ತಿಬಿಡುತ್ತಿದ್ದೆ. "ಅಯ್ಯೋ, ಕತ್ತಲೇಲೂ ಕಾಣತ್ತಲ್ಲೇ ನಿನಗೆ" ಎಂದು ಇವರು ಮೂರು ದಿನ ತಲೆ ಕೆರೆದುಕೊಂಡು, ಸದ್ದು ಗೊತ್ತಾದ ಮೇಲೆ ಫ್ಯಾನಿಗೆ ಕಂಬಳಿ ಸುತ್ತಿ, ಅದು ಬಿಸಿಯಾಗಿ ಕೆಟ್ಟು, ಬೇರೆ ಕಂಪ್ಯೂಟರು ತರಿಸಿದರು. ನಾನು ಚುಕ್ಕೆ ಬಿಟ್ಟು ಅತ್ತಿತ್ತ ನೋಡಿದರೆ ಹಿಡಿಯಲೆಂದು ಬಟ್ಟಲಿನ ನಡುವೆ ಒಂದು ಸಣ್ಣ ಕ್ಯಾಮೆರಾ ಇಟ್ಟರು. ಅದು ನನ್ನ ಕಣ್ಣನ್ನು ಚಿತ್ರ ತೆಗೆಯುತ್ತಿತ್ತು. ಕಣ್ಣಿನ ಪಕ್ಕದಲ್ಲಿ ಮೂಗೂ ಬೀಳುತ್ತದೆ ಎಂದು ಆಗ ಯಾರಿಗೆ ಹೊಳೆಯಬೇಕು?

ನನ್ನ ಮೂಗುಬಟ್ಟು ಎಡಗಡೆಯದು. ಮದುವೆಯಲ್ಲಿ ಅಮ್ಮ ಹಾಕಿಸಿದ್ದು. ಅದನ್ನು ತೆಗೆದು ಕೂರಬೇಕೆಂದು ಯಾರೂ ಹೇಳಲಿಲ್ಲ. ಹೇಳಿದ್ದರೂ, ಮುತ್ತೈದೆ, ಒಂದು ಯಂತ್ರಕ್ಕಾಗಿ ತೆಗೆಯುತ್ತಿದ್ದೆನೋ ಇಲ್ಲವೋ.

ಶನಿವಾರ ಮಧ್ಯಾಹ್ನ ಅವನು ನಕ್ಷೆಗಳನ್ನು ಕೊಂಡೊಯ್ಯಲು ಬರುತ್ತಿದ್ದ. ಗರಾಜಿನ ಬಾಗಿಲು ತೆರೆದಿಟ್ಟು ದೂರದಲ್ಲೊಂದು ಮೇಜು ಹಾಕಿ ಅವನಿಗೆ ಊಟ ಬಡಿಸುತ್ತಿದ್ದೆ. ಬಿಸಿಬೇಳೆಬಾತ್ ಎಂದರೆ ಅವನಿಗೆ ಪ್ರಾಣ. ಎರಡನೆಯ ಸಲ ಬಡಿಸಿಕೊಂಡು ಮೂರನೆಯದಕ್ಕೆ ತಟ್ಟೆ ನೋಡುತ್ತಿದ್ದ.

"ಅತ್ತಿಗೆ, ನಿಮ್ ಬಲಗಣ್ಣು ಫಸ್ಟ್ ಕ್ಲಾಸು. ಎಡಗಣ್ಣಿಗೆ ಮಾತ್ರ ಮನೆಗೆಲಸದ ಚಿಂತೆ. ಒಂದಿನ ಮೇಲ್ಗಡೆ ಮಂಕು, ಇನ್ನೊಂದಿನ ಸರಿ. ಕುಕ್ಕರ್ ವಿಷಲ್ ಎಣಿಸ್ತಾ ಕೂತಿರ್ತೀರಾ ಹೆಂಗೆ?"

"ಕುಕ್ಕರ್ ಕೂಗೋದು ಕಿವಿಗೆ, ಕಣ್ಣಿಗಲ್ಲ" ಎಂದಿದ್ದೆ.

ಅವನಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ನನ್ನದು ಕುಕ್ಕರ್ ಕಣ್ಣು. ದೀಪಾವಳಿಗೆ ಸ್ನೇಹಿತರೆಲ್ಲ ಜೂಮಿನಲ್ಲಿ ಸೇರಿದಾಗ, "ನಮ್ ಅತ್ತಿಗೆದು ಕುಕ್ಕರ್ ಕಣ್ಣು, ಅವರ ಡೇಟಾ ನಂಬೋ ಹಾಗಿಲ್ಲ" ಎಂದು ಎಲ್ಲರೆದುರು ಹೇಳಿದ. ಎಲ್ಲರೂ ಚೌಕ ಚೌಕದೊಳಗೆ ನಕ್ಕರು. ನಾನೂ ನಕ್ಕೆ. ನನ್ನ ಎಡಗಣ್ಣಿನ ನಕ್ಷೆಗಳನ್ನೆಲ್ಲ ಲೆಕ್ಕಕ್ಕೆ ಬಾರದವು ಎಂದು ಬದಿಗಿಟ್ಟರು. ಚಳಿ ಶುರುವಾಗುವ ಹೊತ್ತಿಗೆ ಯಂತ್ರ ಶ್ಯಾಂಟಿಲಿಗೆ ವಾಪಸ್ ಹೋಯಿತು.

ಆ ಸಂಕ್ರಾಂತಿಗೆ ಅವನು ಹೆಂಡತಿಯೊಂದಿಗೆ ಬಂದಿದ್ದ. ಎಳ್ಳುಬೆಲ್ಲ ಕೊಟ್ಟು, ತಿಂದು ಒಳ್ಳೆ ಮಾತಾಡಿ ಎಂದೆ. ಅಂಗೈಯಲ್ಲಿ ಹಾಕಿಸಿಕೊಂಡು ಕೊಬ್ಬರಿ ಚೂರುಗಳನ್ನು ಆರಿಸಿ ಆರಿಸಿ ತಿಂದ. ಒಳ್ಳೆಯ ಮಾತು ಹಾಗಿರಲಿ, ಒಂದು ನಿಜವಾದ ಮಾತು ಆಡಬಹುದಿತ್ತು. ಅಷ್ಟು ಹೊತ್ತಿಗೆ ಅವನು ಕ್ಯಾಮೆರಾದ ಚಿತ್ರಗಳನ್ನು ನೋಡಿಯಾಗಿತ್ತು. ಬಟ್ಟಲಿನ ಮೇಲ್ಭಾಗದ ದೀಪ ಹತ್ತಿದಾಗ ನನ್ನ ಎಡಗಣ್ಣಿಗೆ ಅದು ಕಾಣುತ್ತಿರಲಿಲ್ಲ. ಕಂಪ್ಯೂಟರು ಪಾಪ, ಜೋರು ಮಾಡಿ ಜೋರು ಮಾಡಿ ಕೇಳುತ್ತಿತ್ತು. ಜೋರಾದ ಬೆಳಕು ವಜ್ರದ ಮೇಲೆ ಬಿದ್ದು ಕೆಳಗೆ ಮೂಗಿನ ಹತ್ತಿರ ಮಿಂಚುತ್ತಿತ್ತು, ಕೆಳಗಿನದು ನನಗೆ ಚೆನ್ನಾಗಿ ಕಾಣುತ್ತಿತ್ತು, ನಾನು ಒತ್ತುತ್ತಿದ್ದೆ. ಗಲ್ಲ ಒಂದಿಷ್ಟು ಆಚೀಚೆ ಇಟ್ಟ ದಿನ ಮಿಂಚುತ್ತಿರಲಿಲ್ಲ, ಒತ್ತುತ್ತಿರಲಿಲ್ಲ. ದಿನಕ್ಕೊಂದು ಥರದ ನಕ್ಷೆ ಎಂದರೆ ಇಷ್ಟೇ. ಮಿಂಚನ್ನು ತೆಗೆದು ನೋಡಿದಾಗ ತಿಳಿನೀರಿನ ಹಾಗೆ ಅವನಿಗೆ ಏನು ಕಂಡಿತು ಎಂದು ತಿಳಿಯಲು ಡಾಕ್ಟರಾಗಬೇಕಿಲ್ಲ. ನನ್ನ ಕಣ್ಣಿನ ಮೇಲುಭಾಗದಲ್ಲಿ ಒಂದು ಕಪ್ಪು ತೇಪೆ ಕಂಡಿತು.

ಅವನು ಎಳ್ಳುಬೆಲ್ಲ ತಿಂದು ಕೈ ಒರೆಸಿಕೊಂಡ.

ಮುಂದಿನ ವರ್ಷವೆಲ್ಲ ನಾನು ತೆರೆದಿಟ್ಟ ಕ್ಯಾಬಿನೆಟ್ಟಿನ ಬಾಗಿಲಿಗೆ ಹಣೆ ಹೊಡೆದುಕೊಂಡೆ. ನೋವು ಕಣ್ಣಿಗಿಲ್ಲ, ಹಣೆಗೆ ಮಾತ್ರ. ನೀನು ತಲೆ ಎತ್ತಿ ನಡಿ ಅಂತ ಇವರು, ವಾಚ್ ಇಟ್ ಅಮ್ಮ ಅಂತ ಮಗಳು. ನನಗೂ ವಯಸ್ಸಿನ ಮರೆವು ಇರಬೇಕು ಎನಿಸಿತ್ತು. ಚಳಿಗಾಲ ಬಂದಾಗ ಕನ್ನಡಕ ಬದಲಿಸಲೆಂದು ಹೋದರೆ ಡಾಕ್ಟರಮ್ಮ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಮತ್ತೊಮ್ಮೆ ನೋಡಿದರು. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ ಎಂದರು. ಅವರಲ್ಲಿದ್ದ ದೊಡ್ಡ ಯಂತ್ರದಲ್ಲಿ ಕೂರಿಸಿದರು. ಅದರ ಬೆಳಕು ಬಲು ಮಂದ, ವಜ್ರಕ್ಕೆ ಮಿಂಚಲು ಏನೂ ಸಿಗಲಿಲ್ಲವೇನೋ. ನಕ್ಷೆಯಲ್ಲಿ ಎಡಗಣ್ಣಿನ ಮೇಲರ್ಧದ ಬಹುಪಾಲು ಕಪ್ಪು.

"ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಕಾಪಾಡೋಣ. ಸ್ವಲ್ಪ ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು" ಎಂದು ಆಕೆ ಹೇಳಿದ್ದನ್ನು ಇವರು ನನಗೆ ಕಾರಿನಲ್ಲಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. ನನಗೆ ಇಂಗ್ಲಿಷಿನಲ್ಲೇ ಅರ್ಥವಾಗಿತ್ತು.

ಕೃಪೆಗಳೂ ಇವೆ, ಇಲ್ಲ ಎನ್ನಲಾರೆ. ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನಲ್ಲಿ ಹೋದದ್ದು ಮೇಲಿನದು, ಕೆಳಗಿನದಲ್ಲ; ಒಲೆ ಕಾಣುತ್ತದೆ, ಮೆಟ್ಟಿಲು ಕಾಣುತ್ತದೆ, ರಂಗೋಲಿಯ ಚುಕ್ಕಿ ತಪ್ಪುವುದಿಲ್ಲ. ಔಷಧಿಯ ಹನಿ ಹಾಕಲು ಇವರಿಗೆ ನಾನು ನೆನಪಿಸಬೇಕಾಗಿಲ್ಲ. ಬಲಗಣ್ಣು ಮುಚ್ಚಿ ದೇವರ ಪಟದ ಎದೆಯನ್ನು ನೋಡಿದರೆ ಪಾದ ಕಾಣುತ್ತದೆ, ಕಿರೀಟ ಕಾಣುವುದಿಲ್ಲ. ಕಪ್ಪಾಗಿ ಕಾಣುತ್ತದೆ ಎಂದುಕೊಳ್ಳಬೇಡಿ. ಹಿಂದಿನ ಗೋಡೆಯೇ ಬಂದು ಅಲ್ಲಿ ತುಂಬಿಕೊಂಡಂತಿರುತ್ತದೆ, ಕಿರೀಟ ಅಲ್ಲಿ ಇದ್ದೇ ಇರಲಿಲ್ಲವೇನೋ ಎಂಬಂತೆ. ಪಾದ ಕಂಡರೆ ಸಾಕು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆಗ ಅವನು ಕಿತ್ತಳೆಹಣ್ಣು ಹಿಡಿದು ನೋಡಲು ಬಂದಿದ್ದ. ಇವರು, "ನಮ್ ಮಷೀನ್ ಮುಂದೇನೇ ಅಷ್ಟು ತಿಂಗಳು ಕೂತಿದ್ಲು, ನಮಗೇ ಗೊತ್ತಾಗ್ಲಿಲ್ವಲ್ಲೋ" ಎಂದು ಕಣ್ಣೀರು ಹಾಕಿಕೊಂಡರು. ಅವನು ಇವರ ಭುಜ ತಟ್ಟಿ, "ಅದು ಆಗಿನ್ನೂ ಮಗು ಕಣೋ, ಅದಕ್ಕೇನು ಗೊತ್ತಾಗ್ಬೇಕು" ಎಂದ. ನನ್ನ ಮುಂದೆಯೇ ಎಂದ. ನಾನು ಅವನಿಗೆ ಕಾಫಿ ಕೊಟ್ಟೆ.

ಇದೆಲ್ಲ ಆ ಭಾನುವಾರ ರವೆಗೆ ಹಾಲು ಹಾಕುವಾಗ ಒಟ್ಟಿಗೆ ಎದ್ದು ಬಂತು. ಉಪ್ಪಿನ ಡಬ್ಬಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಆದರೆ ಪ್ರಸಾದ ದೇವರದು, ಅವನದಲ್ಲ. ಸಕ್ಕರೆ ಹಾಕಿದೆ, ಬಾಳೆಹಣ್ಣು ಹಾಕಿದೆ. ನರಸಿಂಹನಲ್ಲಿ ಅವನ ಎರಡು ಕಣ್ಣನ್ನೂ ಕೇಳಿದೆ. ಕೇಳಲಿಲ್ಲ ಎಂದು ಬರೆದರೆ ಸುಳ್ಳಾದೀತು. ಆಮೇಲೆ ಅವನ ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ, ಅವಳನ್ನು ಅಂಗಡಿಗೆ ಯಾರು ಕರೆದೊಯ್ಯಬೇಕು ಎಂದು ನೆನಪಾಗಿ, ಆ ಕೋರಿಕೆಯನ್ನು ವಾಪಸ್ ತೆಗೆದುಕೊಂಡೆ. ಬೇರೆ ಏನಾದರೂ ಕೊಡು, ಆದರೆ ಇವತ್ತೇ ಕೊಡು ಎಂದೆ.

"ಆರ್ ಯೂ ಓಕೆ, ಅಮ್ಮ?" ಎಂದಳು ಮಗಳು.

"ಓಕೆ. ಅಪ್ಪನಿಗೆ ಈಗಲೇ ತೋರಿಸ್ಬೇಡ."

ಕಾರಿನಲ್ಲಿ ಪ್ರಸಾದದ ಪಾತ್ರೆ ತೊಡೆಯ ಮೇಲೆ ಬೆಚ್ಚಗಿತ್ತು. ಕಿಟಕಿಗಳಿಲ್ಲದ ಡೇಟಾ ಸೆಂಟರುಗಳು ಒಂದರ ಹಿಂದೊಂದು ದಾಟಿ ಹೋದವು. ಆಲ್ಡಿ ಹತ್ತಿರ ಬಂದಾಗ ಇವರನ್ನು ಕೇಳಿದೆ.

"ರೀ, ನಿಮ್ ಮಷೀನಿನ ಬಾಯಿಗೆ ಕಪ್ಪು ಬಟ್ಟೆ ಹೊಲಿಸಿದ್ರಲ್ಲ, ಅದ್ಯಾಕೆ?"

"ಕನ್ನಡಕದ ಗ್ಲೇರ್ ಹೊಡೆಯತ್ತೆ ಅಂತ. ಅವನದೇ ಐಡಿಯಾ. ಯಾಕೆ?"

"ಸುಮ್ನೆ ಕೇಳ್ದೆ."

ಹಿಂದಿನ ಸೀಟಿನಲ್ಲಿ ಮಗಳು ಉಸಿರು ಬಿಟ್ಟದ್ದು ಕೇಳಿಸಿತು. ಇವರಿಗೆ ಗೊತ್ತಿರಲಿಲ್ಲ. ಆ ದಿನದ ಕೃಪೆಗಳಲ್ಲಿ ಅದೇ ದೊಡ್ಡದು. ಗೊತ್ತಿದೆ ಎಂದಿದ್ದರೆ ನಾನು ಅಲ್ಲೇ ರಸ್ತೆಯಲ್ಲಿ ಇಳಿದುಬಿಡುತ್ತಿದ್ದೆನೋ ಏನೋ, ಪಾತ್ರೆ ಸಮೇತ.

ಹೊಸ ಮನೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಪುರೋಹಿತರು ಫೈರ್ ಅಲಾರಂ ಕೂಗೀತೆಂದು ಹೋಮದ ಹೊಗೆಗೆ ಬಾಗಿಲು ತೆರೆಸಿಟ್ಟಿದ್ದರು. ಅವನು ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಹೆಂಡತಿಯ ಪಕ್ಕ ಮಣೆಯ ಮೇಲೆ ಕೂತಿದ್ದ. ನಾನು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತೆ. ಕಥೆ ನಡೆಯುವಾಗ ಬಲಗಣ್ಣು ಮುಚ್ಚಿ ಅವನ ಎದೆಯ ಶಲ್ಯವನ್ನೇ ನೋಡಿದೆ. ತಲೆ ಇಲ್ಲ. ಅದರ ಜಾಗದಲ್ಲಿ ಹಿಂದಿನ ಹೊಸ ಗೋಡೆಯ ಬಣ್ಣ. ಕಣ್ಣು ಬಿಟ್ಟೆ, ತಲೆ ಬಂತು. ಮುಚ್ಚಿದೆ, ಹೋಯಿತು. ಪುರೋಹಿತರ ಕಥೆ ಮುಗಿಯುವ ತನಕ ಹೀಗೇ ಮಾಡುತ್ತಿದ್ದೆ. ಪೂಜೆಯಲ್ಲಿ ಮನಸ್ಸಿಡಬೇಕಿತ್ತು, ಗೊತ್ತು. ಆದರೆ ಆ ಸುಖವನ್ನು ಅವನೇ ನನಗೆ ಕೊಟ್ಟಿದ್ದ, ಅನುಭವಿಸಿದೆ.

ಮಂಗಳಾರತಿ ಆಯಿತು. ಎಲ್ಲರೂ ಪ್ರಸಾದ ತಿಂದು, ಚೆನ್ನಾಗಿದೆ, ಹದ ಚೆನ್ನಾಗಿ ಬಂದಿದೆ ಎಂದರು. ನಾನೂ ತಿಂದೆ, ಪ್ರಸಾದ ಬಿಡಬಾರದು. ಊಟಕ್ಕೆ ಎಲೆ ಹಾಕುವ ಮುಂಚೆ ಜನರೆಲ್ಲ ಮಂಟಪದ ಸುತ್ತ ಹರಟುತ್ತ ನಿಂತಿದ್ದಾಗ ನಾನು ಅವನ ಹತ್ತಿರ ಹೋದೆ. ಎಂದೂ ಇಲ್ಲದಷ್ಟು ಅಕ್ಕರೆಯಿಂದ ಮಾತಾಡಿಸಿದೆ.

"ನಿಮ್ ಟಾಕ್ ನೋಡಿದ್ವಿ. ಆ ಮೂಗುಬಟ್ಟಿನ ಕಥೆ ಚೆನ್ನಾಗಿತ್ತು. ಇಲ್ಲಿ ಎಲ್ರಿಗೂ ಒಂದ್ಸಲ ಹೇಳಿ."

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಅಷ್ಟರಲ್ಲಿ ಯಾರೋ, "ಏನದು, ಹೇಳಿ ಹೇಳಿ" ಎಂದರು. ಅವನಿಗೆ ಕೇಳುವವರಿದ್ದರೆ ಸಾಕು. ಶಲ್ಯ ಸರಿಮಾಡಿಕೊಂಡು ಶುರು ಮಾಡಿದ. ಕನ್ನಡದಲ್ಲಿ ಇನ್ನೂ ರಸವತ್ತಾಗಿ ಹೇಳಿದ. ಕುಕ್ಕರ್ ವಿಷಲನ್ನೂ ಸೇರಿಸಿದ. ಮೂಗು ನೋಡುತ್ತಿತ್ತು ಎಂಬಲ್ಲಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಆ ವಾಲಂಟಿಯರ್ ಯಾರು ಅಂತ ಹೇಳ್ಲಿಲ್ಲ ನೀವು. ನಾನೇ" ಎಂದೆ ನಾನು, ಮೂಗು ಮುಟ್ಟಿ ತೋರಿಸಿ. ಇನ್ನೊಂದು ನಗೆ ಎದ್ದಿತು. ಅದು ಇಳಿಯಲು ಬಿಟ್ಟೆ. "ಮಿಂಚು ತೆಗೆದ ಮೇಲೆ ನಕ್ಷೆ ಸ್ಪಷ್ಟ ಆಯ್ತು ಅಂದ್ರಲ್ಲ. ಏನು ಕಾಣಿಸ್ತು ಅದರಲ್ಲಿ?"

"ಅತ್ತಿಗೆ, ಅದು ಟೆಕ್ನಿಕಲ್ಲು..."

"ಏನು ಕಾಣಿಸ್ತು ಅಂತ ಹೇಳಿ ರೀ" ಎಂದಳು ಅವನ ಹೆಂಡತಿ. ಅವಳಿಗೆ ಏನೂ ತಿಳಿದಿರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ನಗುತ್ತಲೇ ಕೇಳಿದಳು.

"ಮೇಲ್ಗಡೆ ಸ್ವಲ್ಪ... ಬ್ಲ್ಯಾಂಕ್ ಇತ್ತು."

"ಬ್ಲ್ಯಾಂಕ್ ಅಂದ್ರೆ?"

"ಕಾಣ್ತಾ ಇರ್ಲಿಲ್ಲ ಅಂತ."

"ಯಾವಾಗ ಗೊತ್ತಾಯ್ತು?" ಇದು ನಾನು.

"ಆ ವಿಂಟರ್‌ನಲ್ಲಿ."

"ಸಂಕ್ರಾಂ­ತಿಗೆ ಮುಂಚೇನಾ, ಆಮೇಲಾ?"

"ಮುಂಚೆ" ಎಂದ ಅವನು, ಶಲ್ಯ ಎಳೆದುಕೊಳ್ಳುತ್ತ. ನಮ್ಮವರು ಜನರ ನಡುವಿನಿಂದ ಬಂದು ನನ್ನ ಪಕ್ಕ ನಿಂತರು. "ಗ್ಲೇರ್ ಅಂದಿದ್ಯಲ್ಲೋ ನನಗೆ" ಎಂದರು, ಬಹಳ ಮೆಲ್ಲಗೆ.

"ನೋಡೋ, ನಾವು ಡಾಕ್ಟರಲ್ಲ. ಪ್ರೋಟೋಟೈಪ್ ಇಟ್ಕೊಂಡು ಯಾರಿಗೂ ಹಂಗೆಲ್ಲ ಹೇಳೋ ಹಾಗಿಲ್ಲ. ತಪ್ಪಿದ್ದಿದ್ರೆ? ಡೆಮೋ ಬೇರೆ ಹತ್ರ ಇತ್ತು. ಅತ್ತಿಗೆ ಕಣ್ಣಿಗೆ ಏನೋ ಇದೆ ಅಂದ್ರೆ ನೀನು ಕೆಲ್ಸ ಬಿಟ್ಟು ಆಸ್ಪತ್ರೆಗೆ ಓಡಿರ್ತಿದ್ದೆ..."

"ಹೇಳೋ ಹಾಗಿಲ್ಲ. ನಗೋ ಹಾಗಿದೆ" ಎಂದೆ. "ನನ್ ಕಣ್ಣು ಹೋಗ್ತಿರೋದು ನನಗಿಂತ ಒಂದು ವರ್ಷ ಮುಂಚೆ ನಿಮಗೆ ಗೊತ್ತಿತ್ತು. ಆ ವರ್ಷ ಪೂರ್ತಿ ನಮ್ಮನೇಲಿ ಊಟ ಮಾಡಿದ್ರಿ. ಕಣ್ಣು ತೋರಿಸ್ಕೊಳ್ಳಿ ಅತ್ತಿಗೆ ಅನ್ನೋದಕ್ಕೆ ಡಾಕ್ಟರಾಗ್ಬೇಕಾ? ಅಷ್ಟು ಮಾತಿಗೆ ಬಿಸಿಬೇಳೆಬಾತು ಸಾಲ್ದಾ?"

ಅಡುಗೆಮನೆಯಲ್ಲಿ ಎಲೆ ಒರೆಸುತ್ತಿದ್ದವರೂ ಬಂದು ಬಾಗಿಲಲ್ಲಿ ನಿಂತಿದ್ದರು. ಅವನು ಕೈ ಮುಗಿದ. "ತಪ್ಪಾಯ್ತು ಅತ್ತಿಗೆ. ಆ ಕಥೆ ಇನ್ನೆಲ್ಲೂ ಹೇಳಲ್ಲ."

ಅವನು ಸುಲಭದಲ್ಲಿ ಪಾರಾಗುವ ದಾರಿ ಅದು. ಬಿಡಲಿಲ್ಲ.

"ಹೇಳ್ಬೇಕು. ಕಪ್ಪು ಬಟ್ಟೆ ಯಾಕೆ ಅಂತ ನಿಮ್ಮನ್ನ ಎಲ್ರೂ ಕೇಳ್ತಾರೆ. ಹೇಳಿ, ಆದ್ರೆ ಕೊನೇತನಕ ಹೇಳಿ. ಆ ಹೆಂಗಸಿನ ಕಣ್ಣಿನ ಮೇಲ್ಭಾಗ ಹೋಗ್ತಿದೆ ಅಂತ ನನಗೆ ಕಾಣಿಸ್ತು, ನಾನು ಹೇಳ್ಲಿಲ್ಲ, ಅವಳ ಕಣ್ಣು ಹೋಯ್ತು ಅಂತ. ಈ ದೀಪ ನಿಮ್ಮನೇಲಿ ಇವತ್ತು ಮೊದಲು ಹತ್ತಿರೋದು. ಇದರ ಮುಂದೆ ಮಾತು ಕೊಡಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಕುಂಕುಮದ ಬಟ್ಟಲನ್ನು ಮಂಟಪದ ಪಕ್ಕ ಇಟ್ಟಳು.

"ಕೊಡಿ ರೀ" ಎಂದಳು. "ಹೊಸ ಮನೆ ಇದು."

ಅವನು ದೀಪದ ಕಡೆ ಕೈ ಚಾಚಿ ಮಾತು ಕೊಟ್ಟ. ನಾನು ಎರಡೂ ಕಣ್ಣು ತೆರೆದು ನೋಡಿದೆ.

"ಅಟ್ಲಾಂಟಾ ಟಾಕ್ ಆನ್‌ಲೈನ್ ಬರತ್ತೆ ಅಲ್ವಾ ಅಂಕಲ್?" ಎಂದಳು ನನ್ನ ಮಗಳು, ಬಲು ವಿನಯದಿಂದ. "ವೀ ವಿಲ್ ವಾಚ್."

ಅವನ ಹೆಂಡತಿ ಕೊಟ್ಟ ಅರಿಶಿನ ಕುಂಕುಮ ತೆಗೆದುಕೊಂಡೆ, ಅವಳ ತಪ್ಪೇನಿತ್ತು? ಊಟಕ್ಕೆ ಕೂರಲಿಲ್ಲ. ಗೃಹಪ್ರವೇಶದ ಮನೆಯಿಂದ ಉಣ್ಣದೆ ಎದ್ದು ಹೋಗುವುದು ಎಂಥ ಮಾತು ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಬಾಗಿಲ ತನಕ ಯಾರೂ ತಡೆಯಲಿಲ್ಲ.

ವಾಪಸ್ ಬರುವಾಗ ಇವರು ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿದ್ದರು. ಬಹಳ ದೂರ ಬಂದ ಮೇಲೆ, "ನಾಳೆ ಆಫೀಸಿಗೆ ಹೆಂಗೆ ಹೋಗ್ಲಿ ಹೇಳು" ಎಂದರು.

"ಕಾರಲ್ಲಿ ಹೋಗಿ."

ಅವರಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಪಕ್ಕದಲ್ಲಿ ಗಾಡಿ ನಿಲ್ಲಿಸಬೇಕಾಯಿತು. ಹೋದರು, ಮರುದಿನ. ಆ ಕೆಲಸ ಅವರು ಬಿಡಲಿಲ್ಲ; ಯಂತ್ರ ಅವರದು, ಅದರೊಳಗಿನ ಪ್ರತಿ ದೀಪ ಅವರ ಮಾತು ಕೇಳಿ ಹತ್ತುತ್ತದೆ. ಈಗ ಅದರ ಪರದೆಯ ಮೇಲೆ ಮೊದಲು ಬರುವ ಮಾತು, ಆಭರಣ ತೆಗೆದು ಕುಳಿತುಕೊಳ್ಳಿ ಎಂಬುದು. ಯಾವುದಾದರೂ ಮೂಲೆಯಲ್ಲಿ ನಕ್ಷೆ ಪದೇ ಪದೇ ಬೇರೆ ಬೇರೆ ಬಂದರೆ, ನಂಬಬೇಡಿ ಎಂದು ಬರೆದು ಬಿಡುವುದಿಲ್ಲ. ಡಾಕ್ಟರಿಗೆ ತೋರಿಸಿಕೊಳ್ಳಿ ಎನ್ನುತ್ತದೆ. ಅದನ್ನು ಸೇರಿಸಲು ಇವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅಟ್ಲಾಂಟಾದ ಮಾತು ಬಂದ ದಿನ ನಾನು ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮಗಳು ಅದನ್ನು ಟಿವಿಗೆ ಹಾಕಿದಳು. ಅವನು ಅದೇ ಕೋಟು ಹಾಕಿಕೊಂಡಿದ್ದ. ಮೂಗುಬಟ್ಟಿನ ಜಾಗಕ್ಕೆ ಬಂದ, ಸಭೆ ನಕ್ಕಿತು. ಅವನು ನೀರು ಕುಡಿದ. ಮುಂದೆ ಹೇಳುವುದಿದೆ ಎಂದ. ಹೇಳಿದ. ಮಿಂಚು ತೆಗೆದಾಗ ಕಂಡದ್ದನ್ನು ಹೇಳಿದ, ಆಕೆಗೆ ತಾನು ಹೇಳಲಿಲ್ಲ ಎಂದ, ಆಕೆಯ ಕಣ್ಣು ಈಗ ಹೇಗಿದೆ ಎಂಬುದನ್ನೂ ಹೇಳಿದ. ಡಾಕ್ಟರುಗಳ ಸಭೆ, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಾಕೆ ತನ್ನ ಕನ್ನಡಕ ತೆಗೆದು ಅವನನ್ನೇ ನೋಡುತ್ತ ಕೂತಳು. ಅವನು ಮುಂದಿನ ಚಿತ್ರಕ್ಕಾಗಿ ಗುಂಡಿ ಹುಡುಕಿದ, ಸಿಗಲಿಲ್ಲ.

ಇವರು ಎದ್ದು ಒಳಗೆ ಹೋದರು. ನನ್ನ ಕಣ್ಣು ಅದರಿಂದ ಕೂದಲೆಳೆಯಷ್ಟೂ ಮರಳಲಿಲ್ಲ. ಅವನನ್ನು ಕ್ಷಮಿಸಿದೆ ಎಂದೂ ಹೇಳಲಾರೆ. ಆ ಕೆಲಸ ದೇವರಿಗಿರಲಿ, ಅವನಿಗೆ ಪುರುಸೊತ್ತಿದೆ.

"ಆ ಗುಂಡಿ ಹುಡುಕೋದು ಇನ್ನೊಂದ್ಸಲ ಹಾಕು" ಎಂದೆ ಮಗಳಿಗೆ.

"ಅಮ್ಮ!"

"ಹಾಕೇ."

ಹಾಕಿದಳು. ನೋಡಿದೆ. ಇನ್ನೂ ಒಮ್ಮೆ ಹಾಕಿಸಿ ನೋಡಿದೆ. ಆಮೇಲೆ ಕಡ್ಡಿಗಳನ್ನು ಪೇಪರಿನಲ್ಲಿ ಮುದುರಿ, ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಸಿಂಕಿನ ಹತ್ತಿರ ಹೋದೆ. ಮೇಲಿನ ಕ್ಯಾಬಿನೆಟ್ಟಿನ ಬಾಗಿಲನ್ನು ಯಾರೋ ತೆರೆದಿಟ್ಟಿದ್ದರು, ಕೈಯಿಂದ ತಡವಿ ಮುಚ್ಚಿದೆ. ಇಲ್ಲಿಯ ಮೆಂತ್ಯದ ಸೊಪ್ಪಿನಲ್ಲಿ ಮಣ್ಣು ಜಾಸ್ತಿ. ದೊಡ್ಡ ಪಾತ್ರೆ ತುಂಬ ನೀರು ಬಿಟ್ಟು, ಸೊಪ್ಪನ್ನು ಅದರಲ್ಲಿ ಮುಳುಗಿಸಿ ತೊಳೆಯತೊಡಗಿದೆ.